ಎರಡರ ಕಡೆ, ಮೂರರ ಕಡೆ

ಸೆರಾಫಿನ್ ಬಾಯಿಯ ಕೈಯಲ್ಲಿ ಸದಾ ಗಟ್ಟಿ ಮರದ ಎರಡು ಗಿಡ್ಡ ಕೋಲುಗಳಿರುತ್ತಿದ್ದವು. ಒಂದನ್ನು ಎಡ ಅಂಗೈಯ ಮೇಲೆ ಮೆತ್ತಗೆ ಮಲಗಿಸಿ ಇನ್ನೊಂದರಿಂದ ಹೊಡೆದರೆ ಸದ್ದು ಬೀದಿಯ ತಿರುವಿನವರೆಗೂ ಹೋಗುತ್ತಿತ್ತು. ಮೂರು ಪೆಟ್ಟು, ಆಮೇಲೆ ಎರಡು. ಇಲ್ಲವೇ ಎರಡು, ಆಮೇಲೆ ಮೂರು. ಹಾಡು ಯಾವುದನ್ನು ಕೇಳುತ್ತದೋ ಅದನ್ನೇ ಹಿಡಿಯಬೇಕು. ಕ್ಯೂಬಾದವರು ಇದಕ್ಕೆ ಕ್ಲಾವೆ ಎನ್ನುತ್ತಾರೆ.

ಅವರೂ ಅವರ ತಂಗಿ ಜಸಿಂತಾ ಬಾಯಿಯೂ ಹರೆಯದಲ್ಲಿ ಹಡಗಿನ ಬ್ಯಾಂಡಿನಲ್ಲಿದ್ದವರು. ಅಕ್ಕನದು ಪಿಯಾನೋ, ತಂಗಿಯದು ಹಾಡು. ಕ್ಯೂಬಾದಲ್ಲಿ ಕಲಿತ ಟಿಂಬಾ ಎಂಬ ಕುಣಿತದ ಸಂಗೀತವನ್ನು ಅಕ್ಕ ನಮ್ಮ ಬಂದರಿನ ಊರಿನಲ್ಲಿ ಕಲಿಸುತ್ತಿದ್ದರು. ಅದರಲ್ಲಿ ಪಿಯಾನೋದ ಒಂದೇ ಪಲುಕು ಸುತ್ತಿ ಸುತ್ತಿ ಬರುತ್ತದೆ. ಕೋಲಿನ ಎರಡು ಪೆಟ್ಟು ಬೀಳುವ ಎರಡರ ಕಡೆ ಅದು ತುಸು ಕಾಲೂರಬೇಕು, ಮೂರರ ಕಡೆ ತಪ್ಪಿಸಿಕೊಂಡು ಓಡಬೇಕು.

ನಾನೋ ಮೃದಂಗದವರ ಮಗಳು. ಎಲ್ಲಿ ಸುತ್ತಾಡಿದರೂ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದು ಧೊಪ್ಪನೆ ಕೂರುವುದು ನಮ್ಮ ಮನೆಯ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

"ಅಲ್ಲಿ ಎಂತಕ್ಕೆ ಕೂರುವುದು ಮಾರಾಯ್ತಿ? ಇದು ಊಟದ ಪಂಕ್ತಿಯಾ?" ಎಂದು ಅವರು ಕೇಳುತ್ತಿದ್ದರು.

ಬೈಗುಳ ಧಾರಾಳ, 'ಸರಿ' ಎಂಬ ಮಾತು ಮಾತ್ರ ಅವರ ಬಾಯಿಂದ ಉದುರುತ್ತಿರಲಿಲ್ಲ. ನನಗೆ ಬೇಕಿದ್ದುದು ಅದೊಂದೇ. ಅದಕ್ಕಾಗಿ ಊಟ ನಿದ್ದೆ ಬಿಟ್ಟು ಬೆರಳು ಸವೆಸಿದೆ.

ಕಡೆಗೂ ಒಂದು ಬೇಸಿಗೆಯಲ್ಲಿ ಕೈ ದಾರಿ ಹಿಡಿಯಿತು. ಹಾಡೂ ಪಲುಕೂ ಒಂದರ ಕೈ ಇನ್ನೊಂದು ಹಿಡಿದು ನಡೆದಂತೆ ಸಾಗಿದವು. ಕುಣಿಯುತ್ತಲೇ ಪಾಠಕ್ಕೆ ಹೋದೆ. ಅವರು ಹಾಡು ಗುನುಗುತ್ತಾ ಕೋಲು ಹೊಡೆದರು, ನಾನು ನುಡಿಸಿದೆ. ಅರ್ಧದಲ್ಲೇ ಕೋಲು ನಿಂತವು. ತಪ್ಪು, ನೀನು ಕೋಲಿಗೆ ಅಡ್ಡ ಹೋದೆ ಎಂದರು. ಮರುದಿನವೂ ಅದೇ, ಆ ತಿಂಗಳೆಲ್ಲ ಅದೇ. ಜೊತೆಯ ಶಿಷ್ಯರು ಮುದುಕಿಗೆ ಯಾವುದೂ ಹಿಡಿಸುವುದಿಲ್ಲವೆಂದು ಮೂಗು ಮುರಿದು ಒಬ್ಬೊಬ್ಬರಾಗಿ ಬಿಟ್ಟುಹೋದರು. ನನಗೂ ಈ ವಿದ್ಯೆ ಒಲಿಯದು ಎನಿಸಿ, ನಾಳೆಯಿಂದ ಬರುವುದಿಲ್ಲವೆಂದು ಜಸಿಂತಾ ಬಾಯಿಗೆ ಹೇಳಿ ಚಪ್ಪಲಿ ಮೆಟ್ಟಿದೆ.

ಅವರು ಗೇಟಿನವರೆಗೆ ಜೊತೆಗೆ ಬಂದರು.

"ನೀನು ನುಡಿಸುವುದು ಸರಿ ಉಂಟು ಮಗಾ. ತಪ್ಪುವುದು ಅಕ್ಕ. ಎರಡರ ಕಡೆ ಯಾವುದು, ಮೂರರ ಕಡೆ ಯಾವುದು ಅಂತ ಅವಳಿಗೆ ಈಗ ಗೊತ್ತಾಗುವುದಿಲ್ಲ. ನಿನ್ನೆ ನನ್ನನ್ನೇ ಯಾರು ಅಂತ ಕೇಳಿದಳು."

ಅಕ್ಕನಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಬೇರೆಲ್ಲ ಮರೆತರೂ ಕ್ಲಾವೆ ತನ್ನನ್ನು ಬಿಟ್ಟಿಲ್ಲ ಎಂಬ ಧೈರ್ಯದ ಮೇಲೆ ಅಕ್ಕ ದಿನ ದೂಡುತ್ತಿದ್ದಾಳೆ, ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದರು.

ಹಾಡುವವರು ತಾಳ ತಪ್ಪಿದರೆ ಮೃದಂಗದವನು ಸದ್ದಿಲ್ಲದೆ ಅವರ ಜೊತೆಗೆ ಸರಿದುಬಿಡಬೇಕು, ಸಭೆಗೆ ಗೊತ್ತಾಗಬಾರದು. ನಮ್ಮ ಮನೆಯಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅಪ್ಪ ಕಚೇರಿಯಲ್ಲಿ ಹಾಗೆ ಮಾಡುವುದನ್ನು ನೋಡಿಯೇ ನಾನು ಬೆಳೆದದ್ದು.

ಮರುದಿನ ಹೋಗಿ ಕೂತೆ. ಸೆರಾಫಿನ್ ಬಾಯಿ ಗುನುಗಿದರು, ಕೋಲುಗಳು ಮತ್ತೆ ಹಾಡಿಗೆ ಅಡ್ಡವಾಗಿ ಬಿದ್ದವು. ನಾನು ಹಾಡನ್ನು ಬಿಟ್ಟು ಕೋಲುಗಳ ಹಿಂದೆ ಹೋದೆ. ಸರಿಯಾದದ್ದನ್ನು ಕಲಿಯುವುದಕ್ಕಿಂತ ಅದು ಕಷ್ಟವಾಗಿತ್ತು. ಬೆರಳುಗಳು ಒಪ್ಪದೆ ಹಟ ಹಿಡಿದವು, ಕಿವಿ ಉರಿಯಿತು. ಹಾಡು ಒಂದು ಕಡೆ, ನಾವಿಬ್ಬರೂ ಇನ್ನೊಂದು ಕಡೆ. ಅವರು ನಿಲ್ಲಿಸಲಿಲ್ಲ. ಕಡೆಯವರೆಗೂ ಹೊಡೆದು, ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡರು.

"ಸರಿ," ಎಂದರು. "ಈಗ ಸರಿ ಬಂತು ನೋಡು."

ಅಷ್ಟು ವರ್ಷ ಕಾದ ಮಾತು ಬಂದದ್ದು ಹಾಗೆ. ತಲೆಯೆತ್ತಿ ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವರು ಖುಷಿಯಿಂದ ಎದ್ದು ಬೀದಿಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದರು. ಇನ್ನೊಮ್ಮೆ ನುಡಿಸು, ಜನ ಕೇಳಲಿ, ನನ್ನ ಶಿಷ್ಯೆ ಎಂದು ಗೊತ್ತಾಗಲಿ ಎಂದರು.

ನಾನು ಇನ್ನಷ್ಟು ಜೋರಾಗಿ ನುಡಿಸಿದೆ. ಒಳಗಿನಿಂದ ಜಸಿಂತಾ ಬಾಯಿ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, ಒದ್ದೆ ಕೈಗಳಿಂದ ಅಕ್ಕನ ತಪ್ಪಿಗೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು.