ಸಿಪ್ರಿಯಾನೋನ ಬೆನ್ನು

ಪೆತ್ರೋನಾ ಗಂಡ ಸಿಪ್ರಿಯಾನೋನ ಹೆಣ ತೊಳೆಯಲೆಂದು ಅಂಗಿ ಕಳಚುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅವಳ ಅಣ್ಣ ಲೀನೋ. ಮೇಲಿನ ಹಟ್ಟಿಯವನು, ಮೂವತ್ತು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ.

"ಗುಂಡಿ ತೋಡಿಕೊಟ್ಟು ಹೋಗ್ತೀನಿ," ಎಂದ.

"ತೋಡೋಕೆ ಅಳಿಯ ಇದ್ದಾನೆ. ಒಳಗೆ ಬಾ."

"ದ್ರೋಹಿ ಮನೆಯೊಳಗಾ?"

ನೀರು ಕಾಯಿಸುತ್ತಿದ್ದ ಮಗಳು ತೊಮಾಸಾ ತಿರುಗಿ ನೋಡಿದಳು. "ಅಪ್ಪ ಹೋದ ದಿನವೂ ಅದೇ ರಾಗವಾ ಮಾವ? ನಿಮ್ಮ ರಾಜನೂ ಸತ್ತು ಎಷ್ಟೋ ಕಾಲ ಆಯ್ತಂತೆ."

ಅಂಗಳದಲ್ಲಿ ಕೋಕಾ ಎಲೆ ಅಗಿಯುತ್ತ ಕೂತಿದ್ದವರಲ್ಲಿ ಯಾರೋ ನಕ್ಕರು. ಲೀನೋ ನಗಲಿಲ್ಲ.

*

ಮೂವತ್ತು ವರ್ಷದ ಹಿಂದೆ, ಪೆರುವಿನಲ್ಲಿ ಸ್ಪೇನಿನ ರಾಜನ ಆಳ್ವಿಕೆ ಮುಗಿಯಿತೆಂದು ಪಟ್ಟಣದಲ್ಲಿ ಗಂಟೆ ಬಾರಿಸಿದ ಮೇಲೂ ಹುವಾಂತದ ಬೆಟ್ಟದವರು ಒಪ್ಪಿರಲಿಲ್ಲ. ಹೊಸ ಗಣರಾಜ್ಯದ ಸಿಪಾಯಿಗಳು ಕುರಿ ಹೊಡೆದುಕೊಂಡು ಹೋಗಿದ್ದರು, ಕೋಕಾ ಬೆಳೆಗೆ ತೆರಿಗೆ ಹೇರಿದ್ದರು. ಅದಕ್ಕಿಂತ ಕಾಣದ ರಾಜನೇ ವಾಸಿ ಎನಿಸಿತ್ತು. ಸಿಪ್ರಿಯಾನೋ, ಲೀನೋ ಇಬ್ಬರೂ ಕವಣೆ ಹಿಡಿದು ಕಾದಿದರು. ಒಂದೇ ಕಂಬಳಿ ಹೊದ್ದು ಮಲಗಿದರು.

ಸೋತು ಗವಿ ಸೇರಿದಾಗ ಪೆತ್ರೋನಾಳಿಗೆ ಹೆರಿಗೆ ನೋವೆಂದು ಸುದ್ದಿ ಬಂತು. ಸಿಪ್ರಿಯಾನೋ ಕವಣೆ ಕೆಳಗಿಟ್ಟು ಬೆಟ್ಟ ಇಳಿದ, ಸಿಪಾಯಿಗಳಿಗೆ ಶರಣಾದ. ಮರುದಿನವೇ ಗವಿಗೆ ಮುತ್ತಿಗೆ ಬಿತ್ತು. ಲೀನೋನ ಹಿರಿಮಗ ಅಲ್ಲೇ ಸತ್ತ.

*

"ಒಬ್ಬಳ ಕೈಲಿ ಹೊರಳಿಸೋಕಾಗಲ್ಲ ಅಣ್ಣ," ಎಂದಳು ಪೆತ್ರೋನಾ.

ಲೀನೋ ಒಳಗೆ ಬಂದ. ಭುಜ ಹಿಡಿದು ಹೊರಳಿಸಿದ. ಕೈ ಅಲ್ಲೇ ನಿಂತಿತು. ಸಿಪ್ರಿಯಾನೋನ ಬೆನ್ನಿನಲ್ಲಿ ನುಣುಪು ಚರ್ಮವೇ ಇರಲಿಲ್ಲ; ಹೆಗಲಿನಿಂದ ಸೊಂಟದವರೆಗೆ ಚಾಟಿಯ ಗಾಯಗಳು ಮಾಯ್ದು ಹಗ್ಗ ಹಗ್ಗವಾಗಿ ಉಬ್ಬಿದ್ದವು.

"ಇದೇನು?"

"ಗವಿ ಎಲ್ಲಿ ಅಂತ ಕೇಳಿದ್ರು. ಇವರು ಹೇಳಲಿಲ್ಲ."

"ಮತ್ತೆ ಯಾರು ಹೇಳಿದ್ದು?"

ಪೆತ್ರೋನಾ ಬಟ್ಟೆ ಹಿಂಡಿದಳು. "ಯಾರೂ ಹೇಳಲಿಲ್ಲ ಅಣ್ಣ. ಸಿಪಾಯಿಗಳಿಗೆ ಗವಿಯ ಹೊಗೆ ಕಾಣಿಸ್ತು."

ಲೀನೋ ಮೆಲ್ಲಗೆ ನೆಲಕ್ಕೆ ಕೂತ. "ಬೆಂಕಿ ಹಚ್ಚಿದ್ದು ನಾನು. ಹುಡುಗ ಚಳಿ ಅಂತಿದ್ದ," ಎಂದ.

"ಇವರಿಗೆ ಗೊತ್ತಿತ್ತು. ಮಗನ್ನ ಕಳಕೊಂಡವನಿಗೆ ಅದನ್ನ ಹೇಗೆ ಹೇಳೋದು, ನನ್ನ ಮೇಲೇ ಸಿಟ್ಟು ಇಟ್ಕೊಂಡಿರಲಿ ಬಿಡು ಅಂತಿದ್ರು."

ತೊಮಾಸಾ ಬಿಸಿನೀರು ತಂದಿಟ್ಟಳು. ಲೀನೋ ತಂಬಿಗೆಯಲ್ಲಿ ನೀರು ಮೊಗೆದು, ಎಳೆಗೂಸಿಗೆ ಎರೆಯುವವನಂತೆ ಮೊದಲು ತನ್ನ ಮುಂಗೈಗೆ ಹನಿಸಿ ನೋಡಿದ. ಬಿಸಿ ಹೆಚ್ಚೆನಿಸಿತು. ಸ್ವಲ್ಪ ತಣ್ಣೀರು ಬೆರೆಸಿದ. ಮತ್ತೆ ಹನಿಸಿ ನೋಡಿದ.