ಎರಡೇ ಇರಲಿ, ಮುಟ್ಟಬೇಡಿ

ಎರಡಕ್ಕೂ ನಾಲ್ಕಕ್ಕೂ ಇರುವ ಅಂತರ ಬರೀ ಎರಡು ಎಂದು ನಂಬಿದವರು ಈ ಗಂಭೀರ ವಿಚಾರದಿಂದ ದೂರವಿರುವುದು ಕ್ಷೇಮ. ಆ ಮಂಗಳವಾರ ಒಂದು ಮನೆಯ ನೆಮ್ಮದಿ ಈ ಎರಡು ಅಂಕಿಗಳ ನಡುವೆ ತೂಗಾಡುತ್ತಿತ್ತು.

ಮಹಡಿಯ ಕೋಣೆಯಲ್ಲಿ ಅತ್ತಿಗೆ, ಮೈದುನ ಇಬ್ಬರೇ ಕೂತು ಒಂದು ಪಶು ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಔಷಧದ ಬಾಟಲಿಗೆ ಅಂಟಿಸುವ ಚೀಟಿ ಮುದ್ರಿಸುವ ಭಾಗ ಅತ್ತಿಗೆಯದು, ಆರು ವರ್ಷ ಹಳೆಯದು. ಲಸಿಕೆಯ ದಿನ ನೆನಪಿಸಿ ಮೆಸೇಜು ಕಳಿಸುವ ಹೊಸ ಭಾಗ ಮೈದುನನದು. ಅದನ್ನು ಇವತ್ತೇ ಒಪ್ಪಿಸಬೇಕು. ತಾರೀಖಿನ ಲೆಕ್ಕಕ್ಕೆ ಎರಡೂ ನೆಚ್ಚಿಕೊಂಡಿದ್ದು ಯಾರೋ ಪುಣ್ಯಾತ್ಮರು ಎಲ್ಲರ ಬಳಕೆಗೆಂದು ಬರೆದಿಟ್ಟ ಒಂದೇ ಸಿದ್ಧ ಕೋಡಿನ ಕಂತೆಯನ್ನು, ಅಂದರೆ ಲೈಬ್ರರಿಯನ್ನು. ಆದರೆ ಚೀಟಿಗೆ ಅದರ ಎರಡನೇ ಆವೃತ್ತಿಯೇ ಆಗಬೇಕು, ಮೆಸೇಜಿಗೆ ನಾಲ್ಕನೆಯದೇ ಆಗಬೇಕು. ಒಂದೇ ಸಾಫ್ಟ್‌ವೇರಿನಲ್ಲಿ ಎರಡೂ ಕೂರುವುದಿಲ್ಲ; ಒಂದು ಒರೆಯಲ್ಲಿ ಎರಡು ಕತ್ತಿ.

ನಾಲ್ಕು ಗಂಟೆಗೆ ಅತ್ತಿಗೆಯ ಮಗಳ ಈಜು ಸ್ಪರ್ಧೆ. ಹಿಂದಿನ ಎರಡಕ್ಕೂ ಅಮ್ಮ ಹೋಗಿರಲಿಲ್ಲ. ಈ ಸಲವೂ ತಪ್ಪಿಸಿದರೆ ಮಾತು ಬಿಡುವುದಾಗಿ ಮಗಳು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದ್ದಳು.

“ನಿಮ್ಮ ಎರಡನ್ನ ನಾಲ್ಕು ಮಾಡ್ಲಾ, ಅತ್ತಿಗೆ?”

“ಆ ಅಂಕಿಯ ಪಕ್ಕದಲ್ಲಿ ಏನು ಬರೆದಿದೆ, ಓದು.”

“‘ಎರಡೇ ಇರಲಿ, ಮುಟ್ಟಬೇಡಿ.’ ಯಾಕೆ ಅಂತ ಬರೆದಿಲ್ವಲ್ಲ?”

“ಆಗ ನೆನಪಿತ್ತು ಕಣೋ, ಅದಕ್ಕೇ ಬರೀಲಿಲ್ಲ.”

ಮೈದುನ ಮುಟ್ಟಿದ. ಪರದೆಯ ಮೇಲೆ ಚೀಟಿಯ ಭಾಗ ತಪ್ಪು ತೋರಿಸಿ ಪೂರ್ತಿ ಕೆಂಪಾಯಿತು. ಮತ್ತೆ ಎರಡು ಮಾಡಿದ. ಮೆಸೇಜು ಕೆಂಪಾಯಿತು. ಚೀಟಿಯ ಭಾಗವನ್ನು ನಾಲ್ಕಕ್ಕೆ ಹೊಂದುವಂತೆ ತಿದ್ದಿ ಬರೆಯೋಣವೆಂದರೆ ಎರಡು ದಿನದ ಕೆಲಸ.

“ಹಾಂ, ಆಸ್ಪತ್ರೆಯ ಆ ಚೀಟಿ ಪ್ರಿಂಟರು!” ಅತ್ತಿಗೆಗೆ ಕೊನೆಗೂ ಹೊಳೆಯಿತು. “ಹಳೇ ಥರ ಬರೆದ ತಾರೀಖು ಬಿಟ್ಟು ಬೇರೇನೂ ಒಪ್ಪಲ್ಲ ಅದು. ನಿಮ್ಮಪ್ಪನ ಥರ.”

“ಅಪ್ಪನ್ನ ಯಾಕೆ ಎಳೀತೀರಾ? ಮೊದಲು ಆ ಪ್ರಿಂಟರು ಬದುಕಿದೆಯಾ ಕೇಳಿ.”

ಅತ್ತಿಗೆ ಆಸ್ಪತ್ರೆಯ ಕೌಂಟರಿನಾಕೆಗೆ ಫೋನ್ ಮಾಡಿದರು.

“ಚೀಟಿ ಪ್ರಿಂಟರಾ ಮೇಡಂ? ಇದೆಯಲ್ಲ. ಅದರ ಮೇಲೆ ಬೆಕ್ಕು ಮಲಗಿದೆ.”

“ಚೀಟಿ ಬರ್ತಿದೆಯಾ?”

“ಅಯ್ಯೋ, ಅದು ಕೆಟ್ಟು ಎರಡು ವರ್ಷ ಆಯ್ತು. ಡಾಕ್ಟರು ಕೈಯಲ್ಲೇ ಬರೀತಾರೆ.”

“ನಮಗೆ ಹೇಳೋದಲ್ವಾ?”

“ನೀವು ಕೇಳ್ಲೇ ಇಲ್ವಲ್ಲ.”

“ಮತ್ತೆ ಸರಿ ಮಾಡಿಸ್ತೀರಾ?”

“ಬೇಡಪ್ಪಾ! ಬೆಕ್ಕು ಎಲ್ಲಿಗೆ ಹೋಗ್ಬೇಕು?”

ಬೆಳಗಿನಿಂದ ಕಾವಲು ಕಾದಿದ್ದ ಚೀಟಿಯ ಕೋಡನ್ನು ಅತ್ತಿಗೆ ತಾವೇ ಅಳಿಸಿದರು. ಅಷ್ಟು ಹೊತ್ತು ಮೈದುನ ಮರ್ಯಾದೆಗೆ ಕಿಟಕಿಯ ಕಡೆ ನೋಡುತ್ತಿದ್ದ. ಎರಡು ಇದ್ದಲ್ಲಿ ನಾಲ್ಕು ಬಂತು, ಎಲ್ಲವೂ ಹಸಿರಾಯಿತು. ಪಕ್ಕದಲ್ಲಿ ಅತ್ತಿಗೆ ಹೊಸದಾಗಿ ಬರೆದರು: ‘ನಾಲ್ಕು. ಲಸಿಕೆ ಮೆಸೇಜಿಗಾಗಿ. ಅದು ಬೇಡವಾದ ದಿನ ಮುಟ್ಟಬಹುದು.’

“ಓಹೋ, ಈ ಸಲ ಕಾರಣಾನೂ ಬರೆದ್ರಾ?”

“ಸಾಕು, ಹಲ್ಲು ಕಿರಿಬೇಡ. ನನ್ನ ಚಪ್ಪಲಿ ಎಲ್ಲಿ?”

ನಾಲ್ಕಕ್ಕೆ ಐದು ನಿಮಿಷವಿರುವಾಗ ಅತ್ತಿಗೆ ಈಜುಕೊಳದ ಮೆಟ್ಟಿಲ ಮೇಲೆ ಕೂತಿದ್ದರು. ಮಗಳು ಐದನೆಯವಳಾಗಿ ಬಂದಳು.