ಸಾಕವ್ವನ ಹಿತ್ತಾಳೆ ತಪ್ಪಲೆ

ನಾನು ಒಂದು ಹಿತ್ತಾಳೆ ತಪ್ಪಲೆ. ಬೆಂಕಿಯಲ್ಲಿ ಕಾದು, ಸುತ್ತಿಗೆಯ ಏಟು ತಿಂದು ನಾಗಮಂಗಲದಲ್ಲಿ ಹುಟ್ಟಿದೆ. ಸಾಕವ್ವ ಮದುವೆಯಾಗಿ ಗಂಡನ ಮನೆಗೆ ಬರುವಾಗ ಬಳುವಳಿಯಾಗಿ ಅವಳ ಮಡಿಲಲ್ಲೇ ಕೂತು ಬಂದೆ.

ಸಾಕವ್ವ ಬಹಳ ಹಿಡಿತದ ಹೆಂಗಸು. ನನ್ನನ್ನು ಬೆಳಗಲು ಹಿಂಡಿದ ಹುಣಸೆ ಸಿಪ್ಪೆ, ಒಲೆಯ ಬೂದಿ ಸಾಕಿತ್ತು. ತಳ ಹತ್ತಿದ ಅನ್ನ ಯಾವಾಗಲೂ ಅವಳ ಪಾಲು. ಹರಿದ ಸೀರೆ ಮೊದಲು ಮಗುವಿನ ಜೋಲಿ, ಆಮೇಲೆ ಮಸಿಬಟ್ಟೆ. ಆದರೆ ಬೀದಿಯಲ್ಲಿ "ಕಲಾಯ್ ಪಾತ್ರೇ..." ಎಂಬ ಕೂಗು ಕೇಳಿದರೆ ಸಾಕು, ನನ್ನನ್ನೆತ್ತಿಕೊಂಡು ಓಡುತ್ತಿದ್ದಳು. ಪ್ಯಾರೇಜಾನ್ ಸಾಬರು ನನ್ನನ್ನು ಕೆಂಡದ ಮೇಲೆ ಕಾಯಿಸಿ, ಒಳಗೆಲ್ಲ ತವರ ಸವರಿ, ಹತ್ತಿಯಿಂದ ಉಜ್ಜುತ್ತಿದ್ದರು. ನನ್ನ ಹೊಟ್ಟೆ ಹಾಲಿನಂತೆ ಬೆಳ್ಳಗಾಗುತ್ತಿತ್ತು.

"ಇಷ್ಟು ಬೇಗ ಯಾಕವ್ವ? ಇನ್ನೂ ಎಲ್ಡು ತಿಂಗ್ಳು ತಡೀತದೆ" ಎಂದು ಅವರೇ ನಗುತ್ತಿದ್ದರು.

"ಹೊರಗೆ ಮಸಿ ಹಿಡಿದ್ರೆ ಹಿಡೀಲಿ ಸಾಬ್ರೇ, ಒಳಗೆ ಬೆಳ್ಳಗಿರ್ಬೇಕು. ಉಣ್ಣೋರು ನಂಬ್ಕಂಡು ಉಣ್ತಾರೆ."

ಪಕ್ಕದ ಮನೆಯ ಚಿಕ್ಕತಾಯಮ್ಮ ಸಾಕವ್ವನ ಜೀವದ ಗೆಳತಿ. ನನ್ನೊಳಗೆ ಸಾರು ಕುದಿದಾಗಲೆಲ್ಲ ಅವಳಿಗೊಂದು ಬಟ್ಟಲು ಹೋಗುತ್ತಿತ್ತು.

ಸಾಕವ್ವ ತೀರಿಕೊಂಡಳು. ಮಗ ಮರಿಸ್ವಾಮಿ ಯಜಮಾನನಾದ. ಕೆಟ್ಟವನಲ್ಲ, ಅವ್ವನ ಹಾಗೇ ಬದುಕುತ್ತಿದ್ದೇನೆಂದು ನಂಬಿದ್ದ. ಅವ್ವ ಬೂದಿಯಲ್ಲಿ ಪಾತ್ರೆ ತಿಕ್ಕಿದ್ದು ಅವನಿಗೆ ನೆನಪಿತ್ತು. ಕಲಾಯಿಗೆಂದು ಸಾಬರ ಕೆಂಡದ ಮುಂದೆ ಕಾದು ಕೂತದ್ದು ಮರೆತಿತ್ತು. ತವರ ಸವೆದು ನನ್ನೊಳಗೆ ಹಳದಿ ಇಣುಕತೊಡಗಿತು.

ಅವ್ವನ ವರ್ಷದ ತಿಥಿ ಬಂತು. ಹೆಂಡತಿ ದೇವೀರಮ್ಮ ನನ್ನೊಳಗೆ ಬೆರಳಾಡಿಸಿ, "ಕಲಾಯಿ ಹಾಕ್ಸದೆ ಇದ್ರಲ್ಲಿ ಹುಳಿ ಬೇಯಿಸಬಾರ್ದು ಕಣ್ರೀ" ಎಂದಳು.

"ಸುಮ್ನಿರೇ, ಫಳಫಳ ಅಂತದೆ. ಅವ್ವ ಇದ್ದಿದ್ರೂ ದಂಡದ ಖರ್ಚು ಅಂತಿದ್ಲು."

ಹುಣಸೆ ಸಾರು ಬೆಳಗಿನಿಂದ ನನ್ನೊಳಗೇ ಇತ್ತು. ನನ್ನ ಮೈ ಕಿಲುಬಾಗಿ ಸಾರಿಗಿಳಿಯುತ್ತಿದ್ದುದು ನನಗೆ ತಿಳಿಯುತ್ತಿತ್ತು. ಹೇಳುವುದು ಹೇಗೆ?

ಗೆಳತಿಯ ಹೆಸರಿನ ಊಟವೆಂದು ಚಿಕ್ಕತಾಯಮ್ಮ ಎರಡನೇ ಸಲವೂ ಸಾರು ಹಾಕಿಸಿಕೊಂಡಳು. ಸಂಜೆಗೆ ವಾಂತಿ, ಆಮೇಲೆ ಆಸ್ಪತ್ರೆ. ಪಾತ್ರೆಯ ಕಿಲುಬು ಎಂದರು ಡಾಕ್ಟರು. ಜೀವ ಉಳಿಯಿತು, ಮೈ ಮಾತ್ರ ಕುಸಿದು ಹೋಯಿತು.

ಮರಿಸ್ವಾಮಿ ಅವಳ ಹಾಸಿಗೆಯ ಹತ್ತಿರ ಕೂತು ಅತ್ತ. "ಅವ್ವನ ಹಂಗೇ ಹಿಡಿತ ಮಾಡ್ದೆ ಚಿಕ್ಕವ್ವ."

"ನಿಮ್ಮವ್ವ ಹಿಡೀತಿದ್ದಿದ್ದು ತನ್ನ ಬಾಯಿ ಕಣಪ್ಪಾ" ಎಂದಳು ಅವಳು. "ನಮ್ದಲ್ಲ."

ಅವನು ಸಾಬರನ್ನು ಹುಡುಕಿ ಕರೆತಂದು ಕಲಾಯಿ ಹಾಕಿಸಿದ. ದೇವೀರಮ್ಮ ಮಾಡಿದ ಸಾರನ್ನು ನನ್ನ ಸಮೇತ ಹೊತ್ತೊಯ್ದು ಚಿಕ್ಕತಾಯಮ್ಮನ ಮುಂದಿಟ್ಟ. ಅವಳು ನನ್ನ ಒಳಂಚನ್ನು ಮೆಲ್ಲಗೆ ಸವರಿ, "ಸಾಕಿ ಹಿಂಗೇ ಇಟ್ಕಂಡಿದ್ಲು" ಎಂದಳು. ಕಣ್ಣು ತುಂಬಿತು. ಕಲಸಿದ ತುತ್ತು ತುಟಿಯವರೆಗೆ ಹೋಗಿ ತಟ್ಟೆಗೆ ಮರಳಿತು.

"ಬೇಜಾರ್ ಮಾಡ್ಕಬೇಡ ಮಗ. ಉಣ್ಣಾಕೆ ಕೈ ಮೇಲೇಳ್ತಿಲ್ಲ."

ಆಮೇಲೆ ಆ ಮನೆಯಲ್ಲಿ ಯಾರಿಗೂ ನನ್ನನ್ನು ಒಲೆಗಿಡಲು ಮನಸ್ಸಾಗಲಿಲ್ಲ. ಈಗ ಅಟ್ಟದ ಮೂಲೆಯಲ್ಲಿ ಬೋರಲಾಗಿದ್ದೇನೆ. ಹೊರಮೈ ಕಪ್ಪಿಟ್ಟಿದೆ, ಒಳಗೆ ಇನ್ನೂ ಬೆಳ್ಳಗಿದ್ದೇನೆ. ಅಪರೂಪಕ್ಕೊಮ್ಮೆ ಬೀದಿಯಲ್ಲಿ ಕಲಾಯಿಯ ಕೂಗು ಕೇಳುತ್ತದೆ. ಆಗೆಲ್ಲ, ಕೈಲಿದ್ದ ಕೆಲಸ ಬಿಟ್ಟು ಯಾರೋ ಓಡಿ ಬರುತ್ತಾರೇನೋ ಎಂದು ಕಾಯುತ್ತೇನೆ.